ಹಳೆಯ ಮರ ಯಾರದು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಮಕ್ಕಳಿಗೂ ಗೊತ್ತು. ಮದುವೆಗೆ ಲಗ್ನಪತ್ರಿಕೆ ಬರೆಸುವ ನಾವು ಮನೆ ಕೆಲಸಕ್ಕೆ ಮಾತ್ರ ಒಂದು ಸಾಲೂ ಬರೆಸುವುದಿಲ್ಲ. “ಆಚಾರ್ರು ನಮ್ಮವರೇ, ಮೇಸ್ತ್ರಿನೂ ನಮ್ಮೋನೇ, ಬರವಣಿಗೆ ಯಾಕೆ?” ಎನ್ನುತ್ತೇವೆ. ನಮ್ಮವರು ಕೊನೆಯವರೆಗೂ ನಮ್ಮವರಾಗಿ ಉಳಿಯಲಿ ಎಂದೇ ಬರೆಯಬೇಕು. ಈ ವಾರ ಮರದ ಮನೆಯ ಕರಾರು ಪತ್ರದ ಸಂಗತಿ ನೋಡೋಣ.

ನಮ್ಮ ಕಡೆ ಮರದ ಮನೆ ಎಲ್ಲಿದೆ ಎಂದು ಕೇಳಬೇಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ಹಳೆಯ ಮಾಳಿಗೆ ಮನೆಗಳು ಅಲ್ಲಲ್ಲಿ ಇನ್ನೂ ನಿಂತಿವೆ. ಹೊರಗಿನಿಂದ ನೋಡಿದರೆ ಕಲ್ಲುಮಣ್ಣಿನ ಗೋಡೆ. ಒಳಗೆ ಹೋಗಿ ತಲೆ ಎತ್ತಿದರೆ ಮರದ ಮನೆ. ಮಕ್ಕಳೇ, ನೆಲದಿಂದ ಮೇಲಕ್ಕೆ ಎಣಿಸಿ: ಅಡಿಗಲ್ಲು, ಅದರ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಗಳ ಮೇಲೆ ದಬ್ಬೆ, ಅದರ ಮೇಲೆ ಸೊಪ್ಪುಸದೆ, ಎಲ್ಲದರ ಮೇಲೆ ಮಣ್ಣು. ಮಳೆನೀರು ಒಳಗೆ ಇಳಿಯದಂತೆ ಚೌಳುಮಣ್ಣು ಹಾಕುತ್ತಿದ್ದರು. ಮಾಳಿಗೆಯ ಭಾರವೆಲ್ಲ ಜಂತೆಗೆ, ಜಂತೆಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ ಇಳಿಯುತ್ತದೆ. ಕಂಬದ ಬುಡಕ್ಕೆ ಕಲ್ಲು ಇಟ್ಟಿದ್ದು ನೆಲದ ತೇವ ಮತ್ತು ಗೆದ್ದಲು ಮರಕ್ಕೆ ನೇರವಾಗಿ ತಾಗದಿರಲಿ ಎಂದು.

ಇಂಥ ಒಂದು ಮನೆ ಕೊರಟಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇತ್ತು. ಎಂಟು ಕಂಬದ ಮನೆ. ಯಜಮಾನರಿಗೂ ಅವರ ಮನೆಯವರಿಗೂ ಎಪ್ಪತ್ತು ದಾಟಿತ್ತು, ನನಗೆ ಬಹಳ ವರ್ಷದ ಪರಿಚಯ. ಮಾಳಿಗೆ ಸೋರುತ್ತಿತ್ತು. ಅದನ್ನು ಇಳಿಸಿ, ಕಂಬಗಳನ್ನು ಉಳಿಸಿಕೊಂಡು ಹೊಸ ಮರ ಹಾಕಿ ಹೆಂಚು ಹೊದಿಸಬೇಕೆಂದು ಅವರ ಆಸೆ. ಮೇಸ್ತ್ರಿ ಬಂದು ನೋಡಿ, “ಇಳಿಸೋ ಕೂಲಿ ಕೊಡ್ಬೇಡಿ ಯಜಮಾನ್ರೇ, ಹಳೇ ಸಾಮಾನು ನಾನೇ ಸಾಗಿಸ್ಕಂತೀನಿ” ಎಂದ. ಇವರು ಸಂತೋಷದಿಂದ ಒಪ್ಪಿದರು.

ಹಳೇ ಸಾಮಾನು ಎಂದರೆ ಇವರ ಲೆಕ್ಕದಲ್ಲಿ ಮಣ್ಣು, ದಬ್ಬೆ, ಮುರಿದ ಜಂತೆ. ಅವನ ಲೆಕ್ಕದಲ್ಲಿ ಇಳಿಸಿದ್ದೆಲ್ಲವೂ. ದಂಪತಿಗಳು ಮಗಳ ಮನೆಗೆ ಹೋಗಿದ್ದ ನಾಲ್ಕು ದಿನದಲ್ಲಿ ಕಂಬ, ಬೋದಿಗೆ, ತಲೆಬಾಗಿಲು ಎಲ್ಲವೂ ಲಾರಿ ಹತ್ತಿ ಹೋದವು. ಒಂದು ಕಂಬದ ಮೇಲೆ ಆ ತಾಯಿ ತನ್ನ ಮಕ್ಕಳ ಎತ್ತರವನ್ನು ಯುಗಾದಿಗೊಂದು ಗೆರೆಯಂತೆ ಕೊರೆದಿಟ್ಟಿದ್ದರು. ಊರ ಹಿರಿಯರು ಕೂತು ಮಾತಾಡಿದ ಮೇಲೆ ಎರಡು ಕಂಬ ವಾಪಸು ಬಂದವು. ಗೆರೆಯಿದ್ದ ಕಂಬ ಅಷ್ಟರಲ್ಲಿ ಗರಗಸದ ಬಾಯಿಗೆ ಬಿದ್ದಿತ್ತು. ಮೇಸ್ತ್ರಿ ಕಳ್ಳನೇನಲ್ಲ. “ನೀವೇ ಒಪ್ಪಿದ್ರಲ್ಲ” ಎಂದು ಅವನೂ ನೊಂದುಕೊಂಡ. ಒಂದೇ ಮಾತಿಗೆ ಇಬ್ಬರಿಗೆ ಎರಡು ಅರ್ಥ. ಮಾತು ಮನೆ ಕೆಡಿಸಿತು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಆದ್ದರಿಂದ ಹಳೆಯ ಮನೆಗೆ ಕೈಹಚ್ಚುವವರು ಪತ್ರದ ಮೊದಲ ಸಾಲಿನಲ್ಲೇ ಹಳೆಯ ಮರ ಯಾರದು ಎಂದು ಬರೆಯಬೇಕು. ಕಂಬ ಇಷ್ಟು, ಬೋದಿಗೆ ಇಷ್ಟು, ತೊಲೆ ಇಷ್ಟು, ಬಾಗಿಲು ಇಷ್ಟು ಎಂದು ಎಣಿಸಿ, ಯಾವುದು ಮನೆಯವರದು, ಯಾವುದು ಮೇಸ್ತ್ರಿಯದು ಎಂದು ಬೇರೆ ಮಾಡಬೇಕು. ಕೆಲಸ ಶುರುವಾಗುವ ಮೊದಲೇ ಫೋಟೋ ತೆಗೆದಿಡಬೇಕು. ಇದು ಮೊಮ್ಮಕ್ಕಳ ಕೆಲಸ.

ಎರಡನೆಯದು, ಹೊಸ ಮರದ ಗುಣ. “ಒಳ್ಳೇ ಮರ” ಎಂದು ಬರೆದರೆ ಸಾಲದು. ತೇಗವೋ, ಹೊನ್ನೆಯೋ, ಮತ್ತಿಯೋ, ಬೇವೋ, ಹೆಸರು ಬರೆಯಿರಿ. ಚೇಗು ಇರುವ ಮರವೇ ಬೇಕು, ಸುತ್ತಲಿನ ಬಿಳಿಯ ಎಳೆಮರ ಬೇಡ ಎಂದು ಬರೆಯಿರಿ. ಹುಳುವಿಗೆ ಮೊದಲ ತುತ್ತು ಆ ಬಿಳಿ ಭಾಗವೇ. ಹಸಿಮರ ಬೇಡ, ಒಣಗಿದ್ದು ಬೇಕು ಎಂದೂ ಸೇರಿಸಿ. ಹಸಿಮರ ಗೋಡೆ ಸೇರಿದ ಮೇಲೆ ಒಣಗಿ, ಕುಗ್ಗಿ, ಸೊಟ್ಟಗಾಗುತ್ತದೆ. ಮರ ತಂದ ಡಿಪೋ ರಸೀದಿ ಕೊಡಬೇಕು. ಹೊಲದ ಮರ ಕಡಿಸುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲು ವಿಚಾರಿಸಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಮ್ಮ ಹೊಲದಲ್ಲಿ ಬೆಳೆದ ಮರಕ್ಕೂ ಅನ್ವಯಿಸುತ್ತದೆ.

ಮೂರನೆಯದು ಅಳತೆ. ಶಾಲೆಯ ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಅಗಲ ಮತ್ತು ದಪ್ಪವನ್ನು ಅಂಗುಲದಲ್ಲಿ, ಉದ್ದವನ್ನು ಅಡಿಯಲ್ಲಿ ಅಳೆದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. 6 ಅಂಗುಲ ಅಗಲ, 4 ಅಂಗುಲ ದಪ್ಪ, 12 ಅಡಿ ಉದ್ದದ ಜಂತೆ ಎಷ್ಟು? 6 × 4 × 12 = 288. ಅದನ್ನು 144ರಿಂದ ಭಾಗಿಸಿದರೆ 2 ಘನ ಅಡಿ. ಅಂಥ 20 ಜಂತೆಗೆ 40 ಘನ ಅಡಿ.

ಈಗ ಆಚಾರ್ರು ಉಜ್ಜುಗೊರಡು ಹೊಡೆದರು ಎನ್ನಿ. ಅಗಲದಲ್ಲಿ ಕಾಲು ಅಂಗುಲ, ದಪ್ಪದಲ್ಲಿ ಕಾಲು ಅಂಗುಲ ಹೋಯಿತು. ಉಳಿದದ್ದು ಐದೂಮುಕ್ಕಾಲು ಮತ್ತು ಮೂರೂಮುಕ್ಕಾಲು ಅಂಗುಲ. ಲೆಕ್ಕ ಮಾಡಿ ನೋಡಿ, 20 ಜಂತೆಗೆ ಸುಮಾರು 36 ಘನ ಅಡಿ ಮಾತ್ರ. ಕಾಲು ಅಂಗುಲ ಎಂದು ತಾತ್ಸಾರ ಮಾಡಿದರೆ ಹತ್ತರಲ್ಲಿ ಒಂದು ಪಾಲು ಮಾಯ! ಅಮೆರಿಕದಲ್ಲಿ ಬಹುಪಾಲು ಮನೆಗಳು ಮರದ ಚೌಕಟ್ಟಿನವೇ. ಅಲ್ಲಿ ‘ಎರಡು ನಾಲ್ಕು’ ಎಂದು ಮಾರುವ ಪಟ್ಟಿಯ ನಿಜವಾದ ಅಳತೆ ಒಂದೂವರೆ ಮತ್ತು ಮೂರೂವರೆ ಅಂಗುಲ. ಅಲ್ಲಿ ಅದು ಎಲ್ಲರಿಗೂ ಗೊತ್ತಿರುವುದರಿಂದ ಜಗಳವಿಲ್ಲ. ನಮ್ಮಲ್ಲಿ ಜಗಳ ಬೇಡವೆಂದರೆ ಅಳತೆ ಉಜ್ಜುವ ಮೊದಲಿನದೋ ನಂತರದ್ದೋ ಎಂದು ಬರೆಯಬೇಕು. ಎಷ್ಟು ಅಡಿ ಅಂತರಕ್ಕೆ ಎಷ್ಟು ದಪ್ಪದ ಮರ ಬೇಕು ಎಂಬುದನ್ನು ಮಾತ್ರ ಇಂಜಿನಿಯರರನ್ನು ಕೇಳಿ. ಅವರು ನೋಡುವ ಭಾರತೀಯ ಮಾನಕದ ಸಂಖ್ಯೆ ಐ.ಎಸ್. 883.

ನಾಲ್ಕನೆಯದು ಹಣ. ಬ್ಯಾಂಕಿನಲ್ಲಿ ಗೃಹಸಾಲವನ್ನು ಒಂದೇ ಸಲ ಕೈಗೆ ಕೊಡುವುದಿಲ್ಲ. ಕೆಲಸ ಮೇಲೆದ್ದಂತೆ ಕಂತು ಕಂತಾಗಿ ಬಿಡುತ್ತಾರೆ. ಮನೆಯವರೂ ಹಾಗೆಯೇ ಮಾಡಬಹುದು. ಮುಂಗಡ ನೂರಕ್ಕೆ 10, ಮರ ಬಂದು ಎಣಿಸಿಕೊಂಡ ದಿನ 30, ಕಂಬ ತೊಲೆ ನಿಂತಾಗ 30, ಹೆಂಚು ಹೊದಿಸಿದಾಗ 20. ಉಳಿದ 10 ಒಂದು ಮಳೆಗಾಲ ಕಳೆದ ಮೇಲೆ. ನಮ್ಮ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಮಳೆಯೇ ಚಾವಣಿಗೆ ಪರೀಕ್ಷೆ. ಆದರೆ ಗೆದ್ದ ದಿನವೇ ಆ ಹಣ ಕೊಟ್ಟುಬಿಡಿ. ದುಡಿದವನ ದುಡ್ಡು ಇಟ್ಟುಕೊಳ್ಳುವುದೂ ಕರಾರು ಮುರಿದಂತೆಯೇ.

ತಡವಾದರೆ ದಿನಕ್ಕೆ ಇಷ್ಟು ದಂಡ ಎಂದು ಕೆಲವರು ಬರೆಸುತ್ತಾರೆ. ಕೋಪದಲ್ಲಿ ದೊಡ್ಡ ಮೊತ್ತ ಬರೆಸಿ ಪ್ರಯೋಜನವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಂತೆ, ಬರೆದ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರವನ್ನಷ್ಟೇ ನ್ಯಾಯಾಲಯ ಕೊಡಿಸುತ್ತದೆ. ಮಳೆ ಹಿಡಿದ ದಿನ, ಮನೆಯವರೇ ಹಣ ತಡ ಮಾಡಿದ ದಿನ ಲೆಕ್ಕಕ್ಕಿಲ್ಲ ಎಂದೂ ಬರೆಯಿರಿ. ಪತ್ರ ಎರಡೂ ಕಡೆ ಸಮನಾಗಿ ತೂಗಬೇಕು.

ಕೊನೆಗೆ ಛಾಪಾ ಕಾಗದದ ಮೇಲೆ ಬರೆಸಿ, ಮೇಸ್ತ್ರಿಗೆ ಗಟ್ಟಿಯಾಗಿ ಓದಿ ಹೇಳಿ, ಇಬ್ಬರು ಸಾಕ್ಷಿಗಳ ಮುಂದೆ ಎರಡೂ ಕಡೆಯವರು ಸಹಿ ಹಾಕಿ. ಎರಡು ಪ್ರತಿ ಮಾಡಿ, ಒಂದು ಅವನಿಗೂ ಇರಲಿ. ನಡುವೆ ಏನಾದರೂ ಬದಲಾದರೆ ಅದೇ ಕಾಗದದ ಕೆಳಗೆ ತಾರೀಖು ಹಾಕಿ ಬರೆದು ಮತ್ತೆ ಸಹಿ ಮಾಡಿ.

ಮಕ್ಕಳೇ, ಈ ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಒಂದು ಟೇಪು, ಒಂದು ನೋಟುಪುಸ್ತಕ ಹಿಡಿದುಕೊಳ್ಳಿ. ಕಂಬ ಎಷ್ಟು, ತೊಲೆ ಎಷ್ಟು, ಯಾವ ಮರ, ಯಾರ ಕಾಲದ್ದು ಎಂದು ಅಜ್ಜನನ್ನು ಕೇಳಿ ಬರೆದುಕೊಳ್ಳಿ. ದುಂಡು ಕಂಬವಾದರೆ ದಾರ ಸುತ್ತಿ ಸುತ್ತಳತೆ ತೆಗೆಯಿರಿ. ಆ ಮನೆಯನ್ನು ನಾಳೆ ಯಾರಾದರೂ ಇಳಿಸುವುದಾದರೆ, ಪತ್ರಕ್ಕೆ ಬೇಕಾದ ಪಟ್ಟಿ ನಿಮ್ಮ ಕೈಯಲ್ಲಿ ಸಿದ್ಧವಾಗಿರುತ್ತದೆ.