ತಾತ ಹಾಕಿದ್ರೆ ವೇಷ, ಅವರು ಹಾಕಿದ್ರೆ ಕಲೆಯಾ?



ಸ್ವಲ್ಪ ಉದ್ದದ ಬರಹ. ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಬೈಯಿರಿ.

ಹೋದ ತಿಂಗಳು ಒಂದು ಭಾನುವಾರ ಜಗಳೂರು ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ನಮ್ಮ ಹುಡುಗರಿಗೆ ನಾನು ಏನಂತ ಗೊತ್ತು ಅಂದ್ರೆ, ಫಾರಂ ತುಂಬೋ ಮಾಮ. ವಾರವೆಲ್ಲ ಆಫೀಸಲ್ಲಿ ಕಡತ ಬರಿಯೋದು, ರಜೆ ದಿನ ಯಾರದಾದ್ರೂ ಹಾಸ್ಟೆಲ್ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ. ಆವತ್ತು ಕೇರಿ ಪಕ್ಕದ ಅಲೆಮಾರಿ ಕುಟುಂಬದ ಒಬ್ಬ ಹುಡುಗಿ ಬಂದ್ಲು. ಹೆಸರು ಬೇಡ. ಬಿ.ಎ. ಮುಗಿಸಿದಾಳೆ, ಒಳ್ಳೆ ಮಾರ್ಕ್ಸು. ಮೊಬೈಲ್ ತೆಗೆದು ಒಂದು ಪುಟ ತೋರಿಸಿದ್ಲು. ಬ್ರಿಟನ್ನಿನ ಒಂದು ಕಾಲೇಜು, ಸ್ಕ್ರೀನ್ ಆ್ಯಕ್ಟಿಂಗ್‌ನಲ್ಲಿ ಎಂ.ಎ.

'ಮಾಮ, ನಾನು ಇದನ್ನ ಓದ್ಬೇಕು. ನಮ್ಮೋರಿಗೆ ಹೊರದೇಶದ ಸ್ಕಾಲರ್‌ಶಿಪ್ ಐತಂತಲ್ಲ, ಫಾರಂ ತುಂಬಿಕೊಡು.'

ನಾನು ಏನಂದೆ ಗೊತ್ತಾ? 'ಲೇ ತಾಯಿ, ಹೊರದೇಶಕ್ಕೆ ಹೋಗಿ ನಟನೆ ಕಲಿಯೋದಾ? ಕೆ.ಎ.ಎಸ್. ಓದು, ಬಿ.ಎಡ್. ಮಾಡು. ಅದೆಲ್ಲ ಉಳ್ಳೋರ ಮಕ್ಕಳ ಶೋಕಿ.'

ಅವಳು ಸಿಟ್ಟಾಗಲಿಲ್ಲ. 'ಹಂಗಾರೆ ನಮ್ ತಾತ ಹಾಕಿದ್ರೆ ವೇಷ, ಅವರು ಹಾಕಿದ್ರೆ ಕಲೆ ಏನು ಮಾಮ?' ಅಂತ ಕೇಳಿದ್ಲು.

ಅವಳ ತಾತ ಹಗಲುವೇಷದವರು. ನಾನು ಸಣ್ಣೋನಿದ್ದಾಗ ನೋಡಿದೀನಿ. ಮುಖಕ್ಕೆ ಅರದಾಳ, ಇಂಗಳೀಕ ಬಳ್ಕೊಂಡು, ಒಂದು ದಿನ ರಾಮ, ಒಂದು ದಿನ ಭೀಮ, ಇನ್ನೊಂದು ದಿನ ಶೂರ್ಪನಖಿ. ಹಾರ್ಮೋನಿಯಂ ಹಿಡ್ಕೊಂಡು ಮನೆಮನೆ ಮುಂದೆ ಆಡಿ, ಕೊನೇ ದಿನ ಜೋಳ, ರಾಗಿ, ಹಳೇಬಟ್ಟೆ ಎತ್ಕೊಂಡು ಮುಂದಿನ ಊರಿಗೆ ಹೊರಡೋರು. ಒಬ್ಬ ಮನುಷ್ಯ ಒಂದು ವಾರದಲ್ಲಿ ಏಳು ಜನ ಆಗ್ತಿದ್ದ. ಅದಕ್ಕೆ ಊರು ಇಟ್ಟ ಹೆಸರು ಭಿಕ್ಷೆ. ಅದೇ ವಿದ್ಯೆಗೆ ಹೊರದೇಶದ ಕಾಲೇಜು ಇಟ್ಟ ಹೆಸರು ಎಂ.ಎ.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನದೇ ಒಂದು ಹಳೇ ನೆನಪು ಎದ್ದು ಕೂತಿತ್ತು. ಬಿ.ಎ. ಓದುವಾಗ ಕಾಲೇಜು ನಾಟಕಕ್ಕೆ ಹೆಸರು ಕೊಟ್ಟಿದ್ದೆ. ಡೈಲಾಗ್ ಎಲ್ಲರಿಗಿಂತ ಮೊದಲು ಬಾಯಿಪಾಠ ಮಾಡಿದ್ದೆ. ಕೊನೆಗೆ ನನಗೆ ಕೊಟ್ಟಿದ್ದು ಜೀತದಾಳಿನ ಪಾತ್ರ. ಮಾತಿಲ್ಲ, ಬರೀ ಕೈಕಟ್ಟಿ ನಿಲ್ಲೋದು. 'ನಿನ್ನ ಮುಖಕ್ಕೆ ಸೂಟ್ ಆಗುತ್ತೆ' ಅಂದ್ರು. ಆಮೇಲೆ ನಾನು ಬಣ್ಣ ಮುಟ್ಟಲಿಲ್ಲ. ಅದೇ ನಾನು ಇವತ್ತು ಆ ಹುಡುಗಿಗೆ 'ನಿನಗ್ಯಾಕೆ ಇದು' ಅಂತ ಹೇಳ್ತಿದೀನಿ. ಅವರು ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ಏನು ವ್ಯತ್ಯಾಸ?

ನಮ್ಮ ಚಳವಳಿಯೊಳಗೂ ಈ ರೋಗ ಇದೆ. ನಮ್ಮ ಮಕ್ಕಳು ಅಂದ್ರೆ ಸರ್ಕಾರಿ ನೌಕರಿ, ಇಂಜಿನಿಯರ್, ಡಾಕ್ಟರ್. ತಪ್ಪಲ್ಲ, ಹಸಿದ ಹೊಟ್ಟೆ ಮೊದಲು ಅನ್ನ ಕೇಳುತ್ತೆ. ಆದರೆ ತೆರೆ ಮೇಲೆ ನಮ್ಮ ಬದುಕನ್ನ ಯಾರು ಆಡಿ ತೋರಿಸ್ತಾರೆ ಅನ್ನೋದೂ ಅಧಿಕಾರದ ಪ್ರಶ್ನೆಯೇ. ಪಿ.ಕೆ. ರೋಸಿ ಕಥೆ ನಿಮಗೆ ಗೊತ್ತಿರಬಹುದು. ಮಲಯಾಳದ ಮೊದಲ ಸಿನಿಮಾ 'ವಿಗತಕುಮಾರನ್'ನ ನಾಯಕಿ, ದಲಿತ ಹೆಣ್ಣುಮಗಳು. ಜನಪದ ನಾಟಕ ಆಡ್ತಿದ್ದವಳನ್ನ ಜೆ.ಸಿ. ಡೇನಿಯಲ್ ಕರೆತಂದು ನಾಯರ್ ಹೆಂಗಸಿನ ಪಾತ್ರ ಕೊಟ್ಟರು. ದಲಿತಳು ನಾಯರ್ ಆಗಿ ನಟಿಸಿದ್ದಕ್ಕೆ ಗಲಭೆ ಎದ್ದಿತು, ಆಕೆ ಊರೇ ಬಿಟ್ಟು ತಮಿಳುನಾಡಿಗೆ ಓಡಬೇಕಾಯ್ತು. ಮತ್ತೆಂದೂ ತೆರೆ ಮೇಲೆ ಬರಲಿಲ್ಲ. ಇದಾಗಿ ಎಂಬತ್ತು ವರ್ಷಕ್ಕೂ ಮೇಲೆ, 2013ರಲ್ಲಿ, ನಾಗರಾಜ ಮಂಜುಳೆ 'ಫಂಡ್ರಿ' ಮಾಡಿದರು. ಅದರ ನಾಯಕ ಸೋಮನಾಥ ಅವಘಡೆ, ಹಳ್ಳಿಯಲ್ಲಿ ಹಲಗೆ ಬಾರಿಸ್ತಿದ್ದ ಹುಡುಗ, ಬಾಲನಟನ ರಾಷ್ಟ್ರಪ್ರಶಸ್ತಿ ತಗೊಂಡ. ವಿದ್ಯೆ ನಮ್ಮ ಕೇರಿಯಲ್ಲಿ ಯಾವತ್ತೂ ಇತ್ತು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಬಾಗಿಲು ಇರಲಿಲ್ಲ ಅಷ್ಟೇ.

'ಸಿನಿಮಾದಲ್ಲಿ ಯಾರು ಸರ್ಟಿಫಿಕೇಟ್ ಕೇಳ್ತಾರೆ?' ಅಂತ ಕೆಲವರು ಅಂತಾರೆ. ನಿಜ, ಕೇಳಲ್ಲ. ಯಾಕಂದ್ರೆ ಅಪ್ಪ ಸ್ಟಾರ್, ಚಿಕ್ಕಪ್ಪ ನಿರ್ಮಾಪಕ ಆಗಿದ್ದೋರಿಗೆ ಮನೆಯೇ ಕಾಲೇಜು. ಮನೇಲಿ ಯಾರೂ ಇಲ್ಲದೋರಿಗೆ ಕಾಲೇಜೇ ಮನೆ. ಅಲ್ಲಿ ಕಲಿಸೋದು ಬರೀ ಅಳೋದು ನಗೋದಲ್ಲ. ಕ್ಲೋಸಪ್‌ನಲ್ಲಿ ರೆಪ್ಪೆ ಅಲುಗಿದ್ರೂ ಅದೊಂದು ಮಾತು ಅನ್ನೋದು, ಕೊನೇ ದೃಶ್ಯ ಮೊದಲು ಚಿತ್ರೀಕರಣ ಆದಾಗ ಭಾವನೆಯ ಲೆಕ್ಕ ಇಟ್ಕೊಳ್ಳೋದು, ನೆಲದ ಮೇಲಿನ ಗುರುತು ನೋಡದೆ ಸರಿಯಾಗಿ ಅಲ್ಲೇ ಬಂದು ನಿಲ್ಲೋದು, ಆಡಿಷನ್ ವಿಡಿಯೋ ತಾನೇ ಮಾಡಿ ಕಳಿಸೋದು, ಒಪ್ಪಂದ ಪತ್ರ ಓದಿ ಸಹಿ ಹಾಕೋದು. ಬಯಲಲ್ಲಿ ಊರಿಗೆಲ್ಲ ಕೇಳೋ ಹಾಗೆ ಕೂಗಿದ ತಾತನ ಮೊಮ್ಮಗಳು ಪಿಸುಮಾತಲ್ಲಿ ನಟಿಸೋದು ಕಲೀಬೇಕಂದ್ರೆ ಕಲಿಸೋರು ಬೇಕು.

ಸರಿ, ಮರುದಿನದಿಂದ ನನಗೆ ಗೊತ್ತಿರೋ ಕೆಲಸ ಶುರು ಮಾಡಿದೆ. ನಿಯಮ ಓದಿದೆ. ಓದಿದ್ದನ್ನ ಇಲ್ಲಿ ಬರಿತೀನಿ, ನಿಮ್ಮ ಮನೆ ಮಕ್ಕಳಿಗೂ ಬೇಕಾಗುತ್ತೆ.

ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಲ್ಲಿ ಶುರುವಾದದ್ದು. ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. ಅದರಲ್ಲಿ 115 ಪರಿಶಿಷ್ಟ ಜಾತಿಗೆ, 6 ವಿಮುಕ್ತ, ಅಲೆಮಾರಿ, ಅರೆ ಅಲೆಮಾರಿಗಳಿಗೆ, 4 ಭೂರಹಿತ ಕೃಷಿ ಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳಿಗೆ. ಎಂ.ಎ. ಮಟ್ಟ ಮತ್ತು ಪಿಎಚ್‌.ಡಿ.ಗೆ ಮಾತ್ರ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ, ವಯಸ್ಸು 35ರೊಳಗೆ, ಹಿಂದಿನ ಪರೀಕ್ಷೆಯಲ್ಲಿ ಶೇ. 60 ಅಂಕ. ಇಲ್ಲಿವರೆಗೆ ನಮ್ಮ ಹುಡುಗಿ ಪಾಸು.

ಮುಂದೆ ಇರೋದು ಗೋಡೆ. ಕ್ಯೂ.ಎಸ್. ಅನ್ನೋ ಜಾಗತಿಕ ಪಟ್ಟಿಯಲ್ಲಿ ಮೊದಲ 500ರೊಳಗೆ ಇರೋ ಸಂಸ್ಥೆಯಲ್ಲೇ ಸೀಟು ಸಿಗಬೇಕು. ನಟನೆಯನ್ನೇ ಕಲಿಸೋ ಸಣ್ಣ ನಾಟಕ ಶಾಲೆಗಳು ಆ ಸಾಮಾನ್ಯ ಪಟ್ಟಿಗೆ ಬರೋದೇ ಇಲ್ಲ, ಅದು ಹಲವು ವಿಭಾಗ ಇರೋ ದೊಡ್ಡ ವಿಶ್ವವಿದ್ಯಾಲಯಗಳ ಪಟ್ಟಿ. ಅಂದ್ರೆ ಜಗತ್ತಿನ ಒಳ್ಳೊಳ್ಳೆ ನಟರನ್ನ ತಯಾರು ಮಾಡಿದ ಶಾಲೆಯಲ್ಲಿ ಸೀಟು ಸಿಕ್ಕಿದ್ರೂ ನಮ್ಮ ಸರ್ಕಾರದ ಲೆಕ್ಕದಲ್ಲಿ ಅದು ಶಾಲೆಯೇ ಅಲ್ಲ.

ಇನ್ನೊಂದು ಗೋಡೆ 2022ರಲ್ಲಿ ಕಟ್ಟಿದ್ದು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಹೊರದೇಶದಲ್ಲಿ ಓದೋದಕ್ಕೆ ಈ ಹಣ ಇಲ್ಲ ಅಂತ ಆ ವರ್ಷದ ಮಾರ್ಗಸೂಚಿ ಹೇಳಿತು. ನಾಳೆ ಈ ಹುಡುಗಿ ತನ್ನ ತಾತನ ಹಗಲುವೇಷವನ್ನೇ ಹಿಡಿದು ಸಂಶೋಧನೆ ಮಾಡ್ತೀನಿ ಅಂದ್ರೆ ಅದಕ್ಕೂ ಇಲ್ಲ. ಯಂತ್ರ ಕಲಿ, ಲೆಕ್ಕ ಕಲಿ, ನಿನ್ನ ಬಗ್ಗೆ ಮಾತ್ರ ಕಲೀಬೇಡ. ಆಯ್ಕೆ ಆದೋರ ಪಾಡೂ ನೋಡಿ. 2025ರ ಜುಲೈನಲ್ಲಿ 106 ಜನ ಆಯ್ಕೆಯಾಗಿ ಮೊದಲಿಗೆ 40 ಜನರಿಗೆ ಮಾತ್ರ ಪತ್ರ ಕೊಟ್ಟು, ಉಳಿದೋರಿಗೆ ಹಣ ಇದ್ರೆ ನೋಡೋಣ ಅಂದರು.

ಬ್ರಿಟನ್ನಿನ ಕಡೆಯ ನಿಯಮ ಇನ್ನೊಂಥರ. ಸ್ಕಾಲರ್‌ಶಿಪ್ ಇಲ್ಲದೆ ಹೋಗೋದಾದ್ರೆ ಫೀಸಿನ ಜೊತೆಗೆ 9 ತಿಂಗಳ ಖರ್ಚಿನ ಹಣ 28 ದಿನ ಬ್ಯಾಂಕ್ ಖಾತೆಯಲ್ಲಿ ಅಲುಗಾಡದೆ ಕೂತಿರಬೇಕು. ನಮ್ಮ ಖಾತೆಯಲ್ಲಿ ಹಣ 28 ಗಂಟೆ ಕೂತ್ರೆ ಹೆಚ್ಚು. ಓದೋ ಅವಧಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಆದರೆ ವಿದ್ಯಾರ್ಥಿ ವೀಸಾದಲ್ಲಿ ಇರೋರು ವೃತ್ತಿಪರ ಕಲಾವಿದರಾಗಿ, ಅಂದ್ರೆ ಮನರಂಜನೆಯ ಕೆಲಸದಲ್ಲಿ, ದುಡಿಯೋ ಹಾಗಿಲ್ಲ. ಹೋಟೆಲಲ್ಲಿ ತಟ್ಟೆ ತೊಳೀಬಹುದು, ದುಡ್ಡಿಗೆ ಕ್ಯಾಮೆರಾ ಮುಂದೆ ನಿಲ್ಲೋ ಹಾಗಿಲ್ಲ. ನಟನೆ ಓದೋಕೆ ಹೋದ ವಿದೇಶಿ ವಿದ್ಯಾರ್ಥಿಗೆ ನಟನೆ ಒಂದೇ ನಿಷಿದ್ಧ! ಇದನ್ನ ಯಾವ ಏಜೆಂಟನೂ ಹೇಳಲ್ಲ.

ಏಜೆಂಟ್ ಅಂದೆನಲ್ಲ. ಆ ಹುಡುಗಿ ನನ್ನತ್ರ ಬರೋ ಮೊದಲೇ ಒಬ್ಬ ಏಜೆಂಟ್ ಹತ್ರ ಹೋಗಿದ್ಲು. 'ಅಲ್ಲಿ ಪಾರ್ಟ್‌ಟೈಂ ಸೀರಿಯಲ್‌ನಲ್ಲೇ ಪಾತ್ರ ಸಿಗುತ್ತೆ, ಸಾಲ ಒಂದು ವರ್ಷದಲ್ಲಿ ತೀರುತ್ತೆ' ಅಂದಿದ್ದನಂತೆ. ಅವಳ ಅವ್ವ ಆಶ್ರಯ ಮನೆಯ ಹಕ್ಕುಪತ್ರ ಟ್ರಂಕಿನಿಂದ ತೆಗೆದು ಇಟ್ಕೊಂಡಿದ್ಲು, ಅಡ ಇಡೋಕೆ. ಮೂರು ತಲೆಮಾರು ಗುಡಿಸಲಲ್ಲಿ ಅಲೆದ ಮನೆತನಕ್ಕೆ ಸಿಕ್ಕ ಮೊದಲ ಕಾಗದ ಅದು. ನಾನು ವೀಸಾ ನಿಯಮ ಓದಿ ಹೇಳಿದ ಮೇಲೆ ಆ ತಾಯಿ ಏನೂ ಮಾತಾಡಲಿಲ್ಲ. ಕಾಗದ ಮಡಚಿ ಮತ್ತೆ ಟ್ರಂಕಿಗೆ ಹಾಕಿದ್ಲು. ಹುಡುಗಿ ಮುಖ ನೋಡೋಕೆ ನನಗೆ ಆಗಲಿಲ್ಲ.

ಹಾಗಂತ ಕನಸು ಬಿಡು ಅಂತ ನಾನು ಹೇಳಿಲ್ಲ. ಈ ಸಲ ಹೇಳಲಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ 1960ರಿಂದ ಇದೆ, ಕೇಂದ್ರ ಸರ್ಕಾರದ್ದು. ಸ್ಕ್ರೀನ್ ಆ್ಯಕ್ಟಿಂಗ್ ಅಂತಲೇ ಎರಡು ವರ್ಷದ ಕೋರ್ಸ್ ಇದೆ, ಯಾವ ಪದವಿ ಆದ್ರೂ ಆಗುತ್ತೆ, ಮೀಸಲಾತಿ ಇದೆ. ನಮ್ಮ ಗಿರೀಶ್ ಕಾಸರವಳ್ಳಿ ಅವರು ನಿರ್ದೇಶನ ಓದಿದ್ದು ಅಲ್ಲೇ. ಇನ್ನೂ ಹತ್ತಿರ ಬೇಕಂದ್ರೆ ಹೆಗ್ಗೋಡಿನ ನೀನಾಸಂ ಇದೆ, ಸಾಣೇಹಳ್ಳಿ ಇದೆ. ಮೊದಲು ಇಲ್ಲಿ ಕಾಲೂರಿ, ಕೈಯಲ್ಲಿ ಒಂದಿಷ್ಟು ಕೆಲಸ ಇಟ್ಕೊಂಡು, ಪೂರ್ತಿ ಸ್ಕಾಲರ್‌ಶಿಪ್ ಮೇಲೆ ಮಾತ್ರ ವಿಮಾನ ಹತ್ತು ಅಂತ ಹೇಳಿದೀನಿ. ಆದ್ರೆ ಒಳಗೆ ಹೋದ ಮಾತ್ರಕ್ಕೆ ಜಾತಿ ಹೊರಗೇ ಉಳಿಯುತ್ತೆ ಅಂದ್ಕೋಬೇಡಿ. ಕೊಟ್ಟಾಯಂನಲ್ಲಿ ಕೆ.ಆರ್. ನಾರಾಯಣನ್ ಹೆಸರಿನ ಸಿನಿಮಾ ಶಿಕ್ಷಣ ಸಂಸ್ಥೆ ಇದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿ ಬಂದು ರಾಷ್ಟ್ರಪತಿ ಆದ ದಲಿತನ ಹೆಸರಿನ ಸಂಸ್ಥೆಯಲ್ಲೇ, ಜಾತಿ ತಾರತಮ್ಯ ಆಗ್ತಿದೆ, ಮೀಸಲಾತಿ ಪಾಲಿಸ್ತಿಲ್ಲ ಅಂತ ವಿದ್ಯಾರ್ಥಿಗಳು 2022ರ ಕೊನೆಯಲ್ಲಿ ಮುಷ್ಕರ ಹೂಡಬೇಕಾಯ್ತು. 2023ರ ಜನವರಿಯಲ್ಲಿ ನಿರ್ದೇಶಕರು ರಾಜೀನಾಮೆ ಕೊಟ್ಟರು. ಒಳಗೆ ಹೋದ ಮಕ್ಕಳ ಬೆನ್ನಿಗೂ ನಾವು ನಿಲ್ಲಬೇಕು.

ಇನ್ನು ಬಾಬಾಸಾಹೇಬರ ಮಾತು. ನಮಗೆಲ್ಲ ಗೊತ್ತಿರೋ ವಿದೇಶಿ ವಿದ್ಯಾರ್ಥಿ ಅವರೇ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ, ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷಕ್ಕೆ. ಆ ಹಣದ ಮೇಲೆ ಕೊಲಂಬಿಯಾಕ್ಕೆ ಹೋದರು. ವೇತನದ ಅವಧಿ ಮುಗಿದಾಗ, 1917ರಲ್ಲಿ, ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕಾಯ್ತು. 1920ರಲ್ಲಿ ಮತ್ತೆ ಹೋಗಿ ಮುಗಿಸಿದರು. ಕೊಲಂಬಿಯಾದಲ್ಲಿ ಅವರು ಬರೆದ ಒಂದು ಪ್ರಬಂಧ ಭಾರತದ ಜಾತಿಗಳ ಬಗ್ಗೆ, 1916ರಲ್ಲಿ. 2022ರ ನಿಯಮ ಆವತ್ತು ಇದ್ದಿದ್ರೆ? ಯೋಚನೆ ಮಾಡಿ.

ಅದಕ್ಕೇ ನಮ್ಮ ಸಂಘಟನೆಗಳ ಬೇಡಿಕೆ ಪಟ್ಟಿಗೆ ಮೂರು ಸಾಲು ಸೇರಿಸೋಣ ಅಂತೀನಿ. ಒಂದು, 2022ರ ಆ ನಿಷೇಧ ತೆಗೀಬೇಕು. ಎರಡು, ನಾಟಕ, ಸಿನಿಮಾ, ಸಂಗೀತ, ಚಿತ್ರಕಲೆಯ ಶಾಲೆಗಳನ್ನ ಸಾಮಾನ್ಯ ಪಟ್ಟಿಯಿಂದ ಅಳೀದೆ ಆಯಾ ವಿಷಯದ ಪಟ್ಟಿಯಿಂದ ಅಳೀಬೇಕು. ಮೂರು, ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯಲ್ಲಿ ಪ್ರದರ್ಶನ ಕಲೆಗಳಿಗೆ ಇಷ್ಟು ಸ್ಥಾನ ಅಂತ ಬೇರೆಯಾಗಿ ಇಡಬೇಕು. ಮನವಿ ನಾನು ಬರಿತಿದೀನಿ. ಹೊನ್ನಾಳಿ, ನ್ಯಾಮತಿ ಗೆಳೆಯರು ಸಹಿ ಸಂಗ್ರಹಕ್ಕೆ ಒಪ್ಪಿದಾರೆ. ದಸಂಸ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ ಹರಿಹರ ನಮ್ಮದೇ ಜಿಲ್ಲೆ. ಅವರು ಕಟ್ಟಿದ ಚಳವಳಿ ಹಾಡು, ಬೀದಿನಾಟಕದ ಜೊತೆಗೇ ಬೆಳೀತು ಅನ್ನೋದನ್ನ ನಾವು ಮರೀಬಾರದು.

ಹೋದ ವಾರ ಆ ಹುಡುಗಿ ಒಂದು ವಿಡಿಯೋ ಕಳಿಸಿದ್ಲು. ಆಡಿಷನ್‌ಗೆ ಅಭ್ಯಾಸ ಅಂತ ತಮ್ಮ ಮನೆ ಗೋಡೆ ಮುಂದೆ ನಿಂತು ಮಾಡಿದ್ದು. ಎರಡು ನಿಮಿಷ. ಪಾತ್ರ, ಹಕ್ಕುಪತ್ರ ಮಡಚಿ ಟ್ರಂಕಿಗೆ ಹಾಕೋ ತಾಯಿ. ಒಂದು ಮಾತೂ ಇಲ್ಲ.

ಆಫೀಸಲ್ಲಿ ಊಟದ ಹೊತ್ತಲ್ಲಿ ನೋಡಿದೆ. ಬುತ್ತಿ ಹಾಗೇ ಮುಚ್ಚಿಟ್ಟೆ.

ಮನವಿಗೆ ಸಹಿ ಹಾಕೋರು ಇನ್‌ಬಾಕ್ಸ್‌ನಲ್ಲಿ ತಿಳಿಸಿ. ನಿಮ್ಮ ಕೇರಿಯಲ್ಲೂ ಇಂಥ ಮಗು ಇದ್ರೆ 'ನಿನಗ್ಯಾಕೆ' ಅನ್ನಬೇಡಿ, ನಿಯಮ ಓದಿಸಿ.

ಜೈಭೀಮ್.