ತೋರಣಗಲ್ಲಿನ ಗುತ್ತಿಗೆ ಕಾರ್ಮಿಕರ ಹಕ್ಕೊತ್ತಾಯ ಪತ್ರ

ಇವರಿಗೆ: ತೋರಣಗಲ್ಲು ಸುತ್ತಲಿನ ಉಕ್ಕು ಮತ್ತು ಪೂರಕ ಕಾರ್ಖಾನೆಗಳ ಆಡಳಿತ ಮಂಡಳಿಗಳು, ಗುತ್ತಿಗೆದಾರರು, ಕಾರ್ಮಿಕ ಇಲಾಖೆ, ಬಳ್ಳಾರಿ



1971ರಲ್ಲಿ ಇಂದಿರಾ ಗಾಂಧಿಯವರು ಇಲ್ಲಿ ವಿಜಯನಗರ ಉಕ್ಕು ಕಾರ್ಖಾನೆಗೆ ಅಡಿಗಲ್ಲು ಹಾಕಿದಾಗ ನಮ್ಮ ಹಿರಿಯರು ಕಾಯಂ ನೌಕರಿಯ ಆಸೆ ಇಟ್ಟುಕೊಂಡಿದ್ದರು. ಆ ಸರ್ಕಾರಿ ಕಾರ್ಖಾನೆ ಮೇಲೇಳಲಿಲ್ಲ. ತೊಂಬತ್ತರ ದಶಕದಲ್ಲಿ ಖಾಸಗಿ ಉಕ್ಕು ಬಂತು, ಜೊತೆಗೆ ಗುತ್ತಿಗೆ ಕೆಲಸವೂ ಬೆಳೆಯಿತು. ಸಂಘ ಕಟ್ಟಿದರೆ ಉತ್ಪಾದನೆ ಬೀಳುತ್ತದೆ ಎಂದು ನಮ್ಮನ್ನು ಹೆದರಿಸಲಾಗುತ್ತದೆ. ಆದರೆ ಜಮ್ಶೆಡ್‌ಪುರದ ಉಕ್ಕು ಕಾರ್ಖಾನೆಯಲ್ಲಿ 1920ರಿಂದ ಸಂಘವಿದೆ. 1956ರಲ್ಲಿ ಆಡಳಿತವೂ ಸಂಘವೂ ಕೂತು ಜಂಟಿ ಸಮಾಲೋಚನೆಯ ಒಪ್ಪಂದ ಮಾಡಿಕೊಂಡವು. ಅಲ್ಲಿ ಇವತ್ತಿಗೂ ಉಕ್ಕು ತಯಾರಾಗುತ್ತಿದೆ. ಸಂಘವಿರುವ ಕಡೆ ಕೆಲಸ ಬಿಟ್ಟು ಹೋಗುವವರು ಕಡಿಮೆ ಎಂದು ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞರಾದ ಫ್ರೀಮನ್ ಮತ್ತು ಮೆಡಾಫ್ 1984ರಲ್ಲೇ ತೋರಿಸಿದರು. ಆಡಳಿತ ಮತ್ತು ಸಂಘದ ನಡುವಿನ ಸಂಬಂಧ ಕೆಟ್ಟರೆ ಉತ್ಪಾದನೆಯೂ ಕೆಡುತ್ತದೆ ಎಂದೂ ಅವರು ಹೇಳಿದ್ದಾರೆ. ಅದನ್ನೂ ಒಪ್ಪಿಯೇ ಈ ಬೇಡಿಕೆಗಳನ್ನು ಮುಂದಿಡುತ್ತಿದ್ದೇವೆ.

1. ಸಂಘಕ್ಕೆ ಮಾನ್ಯತೆ ಕೊಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಹಾಜರಿ ಪಟ್ಟಿಯ ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಮಾತುಕತೆಯ ಹಕ್ಕಿದೆ. ಒಂದೇ ಗೇಟಿನೊಳಗೆ ಹತ್ತಾರು ಗುತ್ತಿಗೆದಾರರು, ಹತ್ತಾರು ಪಟ್ಟಿ. ಇಡೀ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರನ್ನು ಒಟ್ಟಾಗಿ ಎಣಿಸಬೇಕು.

2. ತಪ್ಪು ತೋರಿಸಿದವನ ಗೇಟ್ ಪಾಸ್ ಕಿತ್ತುಕೊಳ್ಳಬಾರದು. ಅದಿರಿನ ಕನ್ವೇಯರ್ ಪಕ್ಕ ವರ್ಷಗಟ್ಟಲೆ ನಿಂತವನಿಗೆ ರೋಲರ್‌ನ ಬೇರಿಂಗ್ ಒಣಗಿದ್ದು ಶಬ್ದದಲ್ಲೇ ಗೊತ್ತಾಗುತ್ತದೆ. ಆಗಲೇ ಬೆಲ್ಟ್ ನಿಲ್ಲಿಸಿದರೆ ರೋಲರ್ ಬದಲಿಸಿ ಮುಗಿಯಿತು; ಬಿಟ್ಟರೆ ರೋಲರ್ ಜಾಮ್ ಆಗಿ, ಕಾದು, ಬೆಲ್ಟೇ ಹರಿಯಬಹುದು, ಹೊತ್ತಿಯೂ ಉರಿಯಬಹುದು. ಆದರೂ ಅವನು ಸುಮ್ಮನಿರುತ್ತಾನೆ. ಟನ್ನಿನ ಲೆಕ್ಕ ಮುಗಿಯದ ಶಿಫ್ಟಿನಲ್ಲಿ ಬೆಲ್ಟ್ ನಿಲ್ಲಿಸು ಎಂದವನಿಗೆ ನಾಳೆ ಪಾಸ್ ಇರುತ್ತದೆಂಬ ಖಾತ್ರಿಯಿಲ್ಲ. ಬೆಲ್ಟ್ ಹರಿಯುವುದು, ಹೊತ್ತಿ ಉರಿಯುವುದು ಅವನ ಬಾಯಿ ಮುಚ್ಚಿಸಿದ್ದಕ್ಕೆ ಕಾರ್ಖಾನೆ ತೆರುವ ಬೆಲೆ. ಬೆನ್ನಿಗೆ ಸಂಘವಿದ್ದರೆ ಅವನು ಮಾತಾಡುವ ಸಾಧ್ಯತೆ ಹೆಚ್ಚು. ಪಾಸ್ ರದ್ದು ಮಾಡುವುದಿದ್ದರೆ ಲಿಖಿತ ಕಾರಣ ಕೊಡಿ, ಸಂಘದ ಪ್ರತಿನಿಧಿಯ ಎದುರು ವಿಚಾರಣೆ ನಡೆಸಿ.

3. ಗ್ಯಾಸ್ ಲೈನಿನಿಂದ ಸೋರಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸ್ ಮೀಟರ್ ಇಲ್ಲದೆ ಯಾರನ್ನೂ ಗ್ಯಾಸ್ ಲೈನಿನ ಕೆಲಸಕ್ಕೆ ಇಳಿಸಬೇಡಿ. ಇಳಿಯುವುದಿಲ್ಲ ಎಂದವನಿಗೆ ಆ ದಿನದ ಕೂಲಿ ಕಡಿಯಬೇಡಿ. ಸುರಕ್ಷತಾ ಸಮಿತಿಯಲ್ಲಿ ಗುತ್ತಿಗೆ ಕಾರ್ಮಿಕರು ತಾವೇ ಆರಿಸಿದವರು ಇರಬೇಕು. ದೇಶದ ಉಕ್ಕು ಉದ್ಯಮದಲ್ಲಿ ಸಂಘ ಮತ್ತು ಆಡಳಿತ ಸೇರಿದ ಸುರಕ್ಷತಾ ಸಮಿತಿ 1973ರಿಂದಲೇ ಇದೆ. ಹೊಸದೇನನ್ನೂ ನಾವು ಕೇಳುತ್ತಿಲ್ಲ.

4. ಗುತ್ತಿಗೆದಾರ ಬದಲಾದರೂ ಕೆಲಸಗಾರ ಬದಲಾಗಬಾರದು. ಸೇವಾವಧಿ, ಪಿಎಫ್, ಗ್ರಾಚ್ಯುಟಿ ಮುಂದುವರಿಯಬೇಕು. ಪಳಗಿದ ಕೈಯನ್ನು ಟೆಂಡರ್ ಮುಗಿಯಿತೆಂದು ಹೊರಗೆ ಹಾಕಿ ಹೊಸಬನಿಗೆ ಮೊದಲಿನಿಂದ ಕಲಿಸುವುದು ಯಾವ ಉಳಿತಾಯ?

5. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು ಕೂಲಿ, ಅದೂ ವೇತನ ಚೀಟಿಯಲ್ಲಿ ನಮೂದಾಗಿ.

6. ನಮ್ಮ ಕಡೆಯ ಮಾತು: ಊದುಕುಲುಮೆ, ಕೋಕ್ ಓವನ್‌ಗಳನ್ನು ಏಕಾಏಕಿ ನಿಲ್ಲಿಸಲಾಗದು ಎಂಬುದು ಅಲ್ಲೇ ಬೇಯುವ ನಮಗೆ ಚೆನ್ನಾಗಿ ಗೊತ್ತು. ಮುಷ್ಕರವೇ ಅನಿವಾರ್ಯವಾದರೂ ಕಾನೂನಿನಂತೆ 14 ದಿನಗಳ ನೋಟಿಸ್ ಕೊಡುತ್ತೇವೆ, ಕುಲುಮೆ ಕಾಯುವವರನ್ನು ಕೆಲಸದಲ್ಲೇ ಉಳಿಸುತ್ತೇವೆ. ಇದನ್ನು ಒಪ್ಪಂದದಲ್ಲಿ ಬರೆದುಕೊಡಲು ಸಿದ್ಧ.

7. ಮೂವತ್ತು ದಿನದೊಳಗೆ ಲಿಖಿತ ಉತ್ತರ ಕೊಡಿ. ತ್ರಿಪಕ್ಷೀಯ ಸಭೆಯನ್ನು ತೋರಣಗಲ್ಲಿನಲ್ಲೇ, ಮೂರೂ ಶಿಫ್ಟಿನವರು ಬರಲಾಗುವ ಹೊತ್ತಿಗೆ ಕರೆಯಿರಿ.