ಮನೆವಾರ್ತೆ: ದೀಪ ಹತ್ತಿದರೆ ಸಾಲದು

ಮಳೆಗಾಲ ಕಳೆದು ಪುಣೆಯಲ್ಲಿ ಚಳಿ ತಲೆಹಾಕುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಗೀಸರಿನ ಮಾತು ಏಳುವುದು ವಾಡಿಕೆ. ಹೊಸ ಫ್ಲ್ಯಾಟಿಗೆ ಬಂದವರಿಗೂ ಪೇಟೆಯ ಹಳೆಯ ವಾಡೆಯಲ್ಲಿ ಉಳಿದವರಿಗೂ ಒಂದು ಪ್ಲಗ್ಗು ಹೆಚ್ಚಾಗಿ ಬೇಕು. ‘ತಂತಿ ತಂದು ನಾವೇ ಎಳೆದುಕೊಂಡರೆ ಆಗದೆ? ಅದಕ್ಕೂ ಯಾರದಾದರೂ ಅಪ್ಪಣೆ ಬೇಕೆ?’ ಎಂಬ ಪ್ರಶ್ನೆ ಸಂಸಾರಸ್ಥರೆಲ್ಲರಿಗೂ ಬರತಕ್ಕದ್ದೇ. ಈ ಸಲ ಅದನ್ನೇ ವಿಚಾರ ಮಾಡೋಣ.

ಮಹಾನಗರಪಾಲಿಕೆಯ ಕಟ್ಟಡ ಪರವಾನಗಿ ಬೇರೆ, ವಿದ್ಯುತ್ತಿನ ಕಟ್ಟಳೆ ಬೇರೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯದು ಈ ಮಾತನ್ನು ಸ್ಪಷ್ಟವಾಗಿ ಹೇಳಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿಯೂ ಮರಳಿ 2023ರಲ್ಲಿಯೂ ಹೊರಡಿಸಿದ ಸುರಕ್ಷತಾ ನಿಯಮಗಳಲ್ಲಿ ಅದರ ಸಾರವೇ ಉಳಿದು ಬಂದಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇವನ್ನು ಇದ್ದುದಕ್ಕೆ ಇದ್ದ ಹಾಗೆಯೇ ಬದಲಾಯಿಸಿಕೊಳ್ಳಲು ಅಡ್ಡಿಯಿಲ್ಲ. ಹೊಸ ತಂತಿ ಎಳೆಯುವುದು, ಪಾಯಿಂಟು ಹೆಚ್ಚಿಸುವುದು, ಜೋಡಣೆಯ ಶಕ್ತಿಯನ್ನೋ ಸ್ವರೂಪವನ್ನೋ ಮಾರ್ಪಡಿಸುವುದು ಮಾತ್ರ ರಾಜ್ಯ ಸರ್ಕಾರದ ಲೈಸೆನ್ಸು ಪಡೆದ ಗುತ್ತಿಗೆದಾರನ ಕೆಲಸ. ಅದೂ ಅರ್ಹತಾಪತ್ರ ಉಳ್ಳವರ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಸುಟ್ಟ ಫ್ಯೂಸಿಗೆ ದಪ್ಪ ತಂತಿ ಸುತ್ತುವುದು ಬದಲಾವಣೆಯಲ್ಲ, ಅಪಾಯಕ್ಕೆ ಆಹ್ವಾನ.

ಇಂಗ್ಲೆಂಡಿನಲ್ಲಿರುವ ನಮ್ಮ ಬಂಧುಗಳ ಸ್ಥಿತಿ ಸ್ವಲ್ಪ ಬೇರೆ. ಅಲ್ಲಿ 2005ರ ಜನವರಿಯಿಂದ ಮನೆಯ ವಿದ್ಯುತ್ ಕೆಲಸವೂ ಕಟ್ಟಡ ಕಾಯಿದೆಯ ಕೆಳಗೆ ಬಂದಿತು. ಮನೆಯವನು ತಾನೇ ಕೈಹಚ್ಚಬಹುದು. ಆದರೆ ಹೊಸ ಸರ್ಕ್ಯೂಟಿನಂಥ ದೊಡ್ಡ ಕೆಲಸವಾದರೆ ಮೊದಲೇ ಕಟ್ಟಡ ನಿಯಂತ್ರಣದವರಿಗೆ ತಿಳಿಸಿ, ಶುಲ್ಕ ತೆತ್ತು, ತಪಾಸಣೆ ಮಾಡಿಸಿಕೊಳ್ಳಬೇಕು. ದಾರಿ ಎರಡಾದರೂ ಉದ್ದೇಶ ಒಂದೇ: ಮಾಡಿದ ಕೆಲಸವನ್ನು ಬಲ್ಲವನೊಬ್ಬನು ಪರೀಕ್ಷಿಸಿರಬೇಕು.

ಪರೀಕ್ಷೆ ಏಕೆಂದರೆ, ವಿದ್ಯುತ್ತಿನ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಅಡಿಗೆ ಕೆಟ್ಟರೆ ನಾಲಗೆ ಹೇಳುತ್ತದೆ. ತಂತಿ ಅದಲುಬದಲಾದರೆ ದೀಪವೇನೋ ಹತ್ತಿಯೇ ಹತ್ತುತ್ತದೆ. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿಗೆ ಕೂಡಿಸಿದರೆ, ಸ್ವಿಚ್ಚು ಆರಿಸಿದ ಮೇಲೂ ಹೋಲ್ಡರಿನಲ್ಲಿ ಜೀವವಿರುತ್ತದೆ. ಅರ್ತಿಂಗ್ ಇಲ್ಲದಿದ್ದರೂ ಗೀಸರು ನೀರು ಕಾಯಿಸುತ್ತದೆ. ಎಂದೋ ಒಂದು ದಿನ ಒಳಗಿನ ಹೊದಿಕೆ ಸವೆದು, ಒದ್ದೆ ಕೈಯ ಮಗುವೊಂದು ನಲ್ಲಿ ಮುಟ್ಟಿದಾಗ ಮಾತ್ರ ಕೊರತೆ ತಿಳಿಯುತ್ತದೆ.

ಫ್ಯೂಸು ಉಂಟಲ್ಲ ಎನ್ನಬಹುದು. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ನೂರು ವ್ಯಾಟಿನ ಹಳೆಯ ಬಲ್ಬು ಸುಮಾರು 430 ಮಿಲಿಆಂಪಿಯರ್ ಎಳೆಯುತ್ತದೆ. ಅದರ ಹತ್ತರಲ್ಲೊಂದು ಪಾಲು ಎದೆಯ ಮೂಲಕ ಹರಿದರೂ ಪ್ರಾಣಕ್ಕೆ ಸಂಚಕಾರ. 6 ಆಂಪಿಯರಿನ ಫ್ಯೂಸಿಗೆ ಅದರ ಸುಳಿವೇ ಸಿಕ್ಕದು. ಆದುದರಿಂದಲೇ 30 ಮಿಲಿಆಂಪಿಯರ್ ಸೋರಿದೊಡನೆ ಕಡಿದುಹಾಕುವ ಸೋರಿಕೆ ರಕ್ಷಕವನ್ನು ಮನೆಯಲ್ಲಿ ಹಾಕಿಸಬೇಕೆನ್ನುವುದು. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಕೆಲಸ ಮನೆಯವರದೇ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಹಾಗಾದರೆ ಮಾಡಬೇಕಾದುದೇನು? ಮೊದಲು ಮಹಾವಿತರಣದ ಬಿಲ್ಲನ್ನು ತೆಗೆದು ‘ಮಂಜೂರ ಭಾರ’ ಎಂಬ ಅಂಕಣವನ್ನು ನೋಡಿರಿ. ಎರಡು ಕಿಲೊವ್ಯಾಟಿನ ಗೀಸರು ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಪ್ಲಗ್ಗಿಗೆ ಅದು ಸಲ್ಲದು, 16ರದೇ ಬೇಕು. ಮಂಜೂರಾದ ಭಾರ ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಕೊಡಿರಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆಯಿರಿ. ಬಂದ ವಾಯರ್‌ಮನ್ನನ ಪರವಾನಗಿಯನ್ನೂ ಗುತ್ತಿಗೆದಾರನ ಲೈಸೆನ್ಸನ್ನೂ ಕೇಳಲು ಸಂಕೋಚ ಬೇಡ. ವೈದ್ಯರ ಹಲಗೆಯ ಮೇಲೆ ಪದವಿಯನ್ನು ಓದುತ್ತೇವಲ್ಲ, ಇದೂ ಹಾಗೆಯೇ. ಗೀಸರಿಗೆ ಹಸಿರು ಬಣ್ಣದ ಅರ್ತಿಂಗ್ ತಂತಿ ಹೋಗಿದೆಯೆ ಎಂದು ಕಣ್ಣಾರೆ ನೋಡಿರಿ. ಕೆಲಸ ಮುಗಿದ ಮೇಲೆ ತಂತಿಯ ಹೊದಿಕೆಯನ್ನು 500 ವೋಲ್ಟಿನ ಮೆಗ್ಗರಿನಿಂದ ಅಳೆದು, ಒಂದು ಮೆಗ್ಓಮಿಗೆ ಕಡಿಮೆಯಿಲ್ಲವೆಂದು ಬರೆದುಕೊಟ್ಟ ಪರೀಕ್ಷಾ ವರದಿಯನ್ನು ಕೇಳಿ ಪಡೆದು, ಮನೆಯ ಕಾಗದಪತ್ರಗಳ ಜೊತೆಗೆ ಇಡಿರಿ.

ಊರಿನ ಮನೆಗೂ ಇದೇ ಕಟ್ಟಳೆ. ನಿಯಮ ಇಡೀ ದೇಶಕ್ಕೆ ಒಂದೇ. ಧಾರವಾಡದಲ್ಲಿಯೋ ವಿಜಯಪುರದಲ್ಲಿಯೋ ವಯಸ್ಸಾದ ತಾಯಿತಂದೆಗಳು ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಅನೇಕ. ಅಲ್ಲಿನ ತಂತಿ ನಾವು ಶಾಲೆಗೆ ಹೋಗುತ್ತಿದ್ದಾಗ ಹಾಕಿದ್ದಿರಬಹುದು. ರಜೆಗೆ ಹೋದಾಗ ಹೊಸ ಗೀಸರು ಕೊಡಿಸಿ ಬರುವ ಮಕ್ಕಳು, ಒಂದು ದಿನ ಹೆಚ್ಚಾಗಿ ನಿಂತು, ಲೈಸೆನ್ಸುದಾರನನ್ನು ಕರೆಯಿಸಿ ಅರ್ತಿಂಗನ್ನೂ ಅಳೆಯಿಸಿ ಬರಲಿ.